ಬೀಳುವ ಹಲ್ಲಿಗೂ ಒಂದು ಜಾಗತಿಕ ಸಮ್ಮೇಳನ: ಅಲ್ಲಿ ನಡೆಯುವುದೇನು, ನಮ್ಮ ಮನೆಗೆ ಬರುವುದೇನು?

ಹುಬ್ಬಳ್ಳಿಯಲ್ಲೋ ಧಾರವಾಡದಲ್ಲೋ ಮಕ್ಕಳ ಹಲ್ಲಿನ ದವಾಖಾನೆ ಬಾಗಿಲಿಗೆ ಆಗಾಗ ಒಂದು ಚೀಟಿ ಕಾಣುತ್ತದೆ: ‘ಡಾಕ್ಟರು ಕಾನ್ಫರೆನ್ಸ್‌ಗೆ ಹೋಗಿದ್ದಾರೆ, ಸೋಮವಾರ ಸಿಗುತ್ತಾರೆ.’ ಮಗು ಕೆನ್ನೆ ಹಿಡಿದುಕೊಂಡು ಅಳುತ್ತಿರುವಾಗ ಇದನ್ನು ಓದಿದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಹಲ್ಲು ಕೀಳುವುದು, ಸಿಮೆಂಟ್ ತುಂಬುವುದು ಇಷ್ಟೇ ತಾನೆ, ಅದಕ್ಕೆ ದೇಶ ವಿದೇಶ ಸುತ್ತಿ ಮಾತಾಡುವಂಥದ್ದು ಏನಿದೆ ಅಂತ ಅನ್ನಿಸುವುದೂ ಸಹಜ.

ಇದೆ, ಸಾಕಷ್ಟಿದೆ. ಅಲ್ಲಿ ಒಪ್ಪಿಗೆಯಾದ ಮಾತು ನಿಧಾನವಾಗಿ ನಿಮ್ಮ ಬಚ್ಚಲಮನೆಯ ಬ್ರಷ್‌ವರೆಗೂ ಬರುತ್ತದೆ.

## ಯಾರು ಸೇರುತ್ತಾರೆ?

ಮಕ್ಕಳ ದಂತ ವೈದ್ಯರಿಗೆ ಅಂತಲೇ ಒಂದು ಅಂತರರಾಷ್ಟ್ರೀಯ ಸಂಘವಿದೆ. ಚಿಕ್ಕದಾಗಿ ಐಎಪಿಡಿ ಎನ್ನುತ್ತಾರೆ. ಶುರುವಾಗಿದ್ದು 1969ರಲ್ಲಿ. ಅದರ ದೊಡ್ಡ ಸಮ್ಮೇಳನ ಎರಡು ವರ್ಷಕ್ಕೊಮ್ಮೆ, ಒಂದೊಂದು ಸಲ ಒಂದೊಂದು ದೇಶದಲ್ಲಿ. 2021ರಲ್ಲಿ ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್‌ನಲ್ಲಿ ಆಗಬೇಕಿತ್ತು, ಕೊರೊನಾದಿಂದಾಗಿ ಆನ್‌ಲೈನ್ ಆಯಿತು. 2023ರಲ್ಲಿ ಅದೇ ಊರಲ್ಲಿ ಎಲ್ಲರೂ ಮುಖಾಮುಖಿ ಸೇರಿದರು. 2025ರದ್ದು ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ನಡೆಯಿತು.

ಭಾರತದಲ್ಲೂ ಇಂಥದ್ದೇ ಸಂಘ 1979ರಿಂದ ಇದೆ, ಅದರ ಸಮ್ಮೇಳನಗಳೂ ನಡೆಯುತ್ತವೆ. ಐದು ವರ್ಷದ ಬಿಡಿಎಸ್ ಓದಿದವರು ಹಲ್ಲಿನ ಡಾಕ್ಟರಾಗುತ್ತಾರೆ. ಅದರ ಮೇಲೆ ಮತ್ತೆ ಮೂರು ವರ್ಷ ಮಕ್ಕಳ ಹಲ್ಲನ್ನೇ ಓದಿ ಎಂಡಿಎಸ್ ಮಾಡಿದವರು ಈ ತಜ್ಞರು. ಬೋರ್ಡಿನ ಮೇಲೆ ‘ಪಿಡೋಡಾಂಟಿಸ್ಟ್’ ಅಂತ ಇರುತ್ತದಲ್ಲ, ಅವರೇ. ಹುಬ್ಬಳ್ಳಿ-ಧಾರವಾಡದ ನಡುವೆ ಚಿಗರಿ ಬಸ್ಸಿನಲ್ಲಿ ಓಡಾಡುವವರಿಗೆ ಸತ್ತೂರಿನ ಎಸ್‌ಡಿಎಂ ಗೊತ್ತು. ಅಲ್ಲಿನ ದಂತ ವೈದ್ಯಕೀಯ ಕಾಲೇಜು 1986ರದ್ದು. ಇಂಥ ಕಾಲೇಜುಗಳಲ್ಲಿ ಮಕ್ಕಳ ಹಲ್ಲಿಗೆ ಬೇರೆಯದೇ ವಿಭಾಗ ಇರುತ್ತದೆ.

## ಒಳಗೆ ಏನು ನಡೆಯುತ್ತದೆ?

ದೊಡ್ಡ ಸಭಾಂಗಣದಲ್ಲಿ ಹಿರಿಯರ ಭಾಷಣ. ಪಕ್ಕದ ಕೋಣೆಗಳಲ್ಲಿ ಕೈಯಿಂದ ಮಾಡಿ ಕಲಿಯುವ ತರಬೇತಿ. ಇನ್ನೊಂದು ಕಡೆ ಕಂಪನಿಗಳ ಮಳಿಗೆ: ಪುಟ್ಟ ಬ್ರಷ್, ಹೊಸ ಸಿಮೆಂಟ್, ಸಣ್ಣ ಬಾಯಿಗೆ ಹೊಂದುವ ಎಕ್ಸ್‌ರೇ. ಮಳಿಗೆಯವರು ಬಂದಿರುವುದು ಮಾರುವುದಕ್ಕೆ. ಅದನ್ನು ಡಾಕ್ಟರುಗಳೂ ನೆನಪಿಟ್ಟುಕೊಳ್ಳಬೇಕು, ನಾವೂ.

ನನಗೆ ಇದರಲ್ಲಿ ಎಲ್ಲಕ್ಕಿಂತ ಜಾಸ್ತಿ ಕುತೂಹಲ ಹುಟ್ಟಿಸುವುದು ಪೋಸ್ಟರ್‌ಗಳ ಸಾಲು. ಎಂಡಿಎಸ್ ಓದುವವರು ಒಂದು ಅಧ್ಯಯನ ಮಾಡಲೇಬೇಕು. ಒಬ್ಬರು ತಮ್ಮೂರಿನ ಅಂಗನವಾಡಿ ಮಕ್ಕಳ ಹಲ್ಲು ನೋಡಿ ಲೆಕ್ಕ ಬರೆದಿರುತ್ತಾರೆ. ಇನ್ನೊಬ್ಬರು ಎರಡು ಬಗೆಯ ಸಿಮೆಂಟ್‌ಗಳಲ್ಲಿ ಯಾವುದು ಗಟ್ಟಿ ಅಂತ ಹೋಲಿಸಿರುತ್ತಾರೆ. ಅದನ್ನು ಒಂದು ದೊಡ್ಡ ಹಾಳೆಗಿಳಿಸಿ ಗೋಡೆಗೆ ಹಚ್ಚಿ ಪಕ್ಕದಲ್ಲೇ ನಿಲ್ಲುತ್ತಾರೆ. ಬ್ರೆಜಿಲ್‌ನವರೋ ಜಪಾನಿನವರೋ ಬಂದು, ‘ಎಷ್ಟು ಮಕ್ಕಳನ್ನು ನೋಡಿದಿರಿ? ಎಷ್ಟು ತಿಂಗಳು ಬಿಟ್ಟು ಮತ್ತೆ ನೋಡಿದಿರಿ?’ ಅಂತ ಕೇಳುತ್ತಾರೆ. ಉತ್ತರ ಸರಿಯಿಲ್ಲದಿದ್ದರೆ ಅಲ್ಲೇ ಗೊತ್ತಾಗಿಬಿಡುತ್ತದೆ.

ಒಂದು ವಿಷಯ ಸ್ಪಷ್ಟವಿರಲಿ. ಸಮ್ಮೇಳನದಲ್ಲಿ ಯಾರೋ ಭಾಷಣ ಮಾಡಿದ ಮಾತ್ರಕ್ಕೆ ಅದು ಚಿಕಿತ್ಸೆಯ ನಿಯಮ ಆಗುವುದಿಲ್ಲ. ಬೇರೆ ಬೇರೆ ದೇಶಗಳ ಎಷ್ಟೋ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಬೇಕು, ಫಲಿತಾಂಶ ಒಂದೇ ಕಡೆ ವಾಲುತ್ತಿದೆಯೇ ಅಂತ ತೂಗಬೇಕು. ಆ ಕೆಲಸ ಸಮಿತಿಗಳದ್ದು. ‘ಫಾರಿನ್ ಕಾನ್ಫರೆನ್ಸ್‌ನಲ್ಲಿ ಹೇಳಿದ್ದು’ ಅಂತ ಯಾರಾದರೂ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಇಷ್ಟು ನೆನಪಿರಲಿ.

## ಹೆಂಗೂ ಬೀಳೂ ಹಲ್ಲಿಗೆ ಯಾಕಿಷ್ಟು ಚಿಂತೆ?

‘ಹೆಂಗೂ ಬೀಳೂ ಹಲ್ಲರೀ ಡಾಕ್ಟ್ರ, ಕಿತ್ತ ಹಾಕಿಬಿಡ್ರಿ.’ ನಮ್ಮ ಕಡೆಯ ದವಾಖಾನೆಗಳಲ್ಲಿ ದಿನಾ ಕೇಳುವ ಮಾತಿದು. ಅಜ್ಜಿ ಜೊತೆಗೆ ಬಂದಿದ್ದರೆ, ‘ಹಾಲಹಲ್ಲು ಐತೆವ್ವಾ, ಯಾಕ ಚಿಂತಿ ಮಾಡ್ತಿ?’ ಅಂತ ಅವರದೊಂದು ಸೇರುತ್ತದೆ.

ಹಾಲುಹಲ್ಲು ಒಟ್ಟು 20. ಸುಮಾರು ಆರನೇ ತಿಂಗಳಿಗೆ ಮೊದಲನೆಯದು ಮೂಡುತ್ತದೆ, ಎರಡೂವರೆ ಮೂರು ವರ್ಷದ ಹೊತ್ತಿಗೆ ಎಲ್ಲ ಬಂದಿರುತ್ತವೆ. ಮುಂದಿನವು ಆರೇಳು ವರ್ಷಕ್ಕೆ ಅಲ್ಲಾಡಲು ಶುರುವಾಗುತ್ತವೆ, ನಿಜ. ಆದರೆ ಹಿಂದಿನ ದವಡೆ ಹಾಲುಹಲ್ಲುಗಳು ಹತ್ತು ಹನ್ನೆರಡು ವರ್ಷದವರೆಗೂ ಇರಬೇಕು. ನಾಲ್ಕನೇ ವರ್ಷಕ್ಕೆ ಹುಳುಕಾದ ಹಲ್ಲನ್ನು ‘ಹೆಂಗೂ ಬೀಳುತ್ತದೆ’ ಅಂತ ಬಿಟ್ಟರೆ ಮಗು ಇನ್ನೂ ಆರೇಳು ವರ್ಷ ಅದರಲ್ಲೇ ರೊಟ್ಟಿ ಅಗಿಯಬೇಕು.

ಹಾಲುಹಲ್ಲಿಗೆ ಇನ್ನೊಂದು ಕೆಲಸವಿದೆ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತೇವಲ್ಲ, ಹಾಗೆ ಅದು ತನ್ನ ಕೆಳಗೆ ತಯಾರಾಗುತ್ತಿರುವ ಶಾಶ್ವತ ಹಲ್ಲಿಗೆ ಜಾಗ ಹಿಡಿದಿರುತ್ತದೆ. ಟವೆಲ್ ಬೇಗ ತೆಗೆದರೆ ಪಕ್ಕದವರು ಸರಿದು ಕೂರುತ್ತಾರೆ. ಆಮೇಲೆ ಬಂದ ಹಲ್ಲು ಜಾಗ ಸಾಲದೆ ಓರೆಯಾಗಿ ಎಲ್ಲೋ ಮೂಡುತ್ತದೆ. ಅನಿವಾರ್ಯವಾಗಿ ಹಲ್ಲು ಕೀಳಬೇಕಾದಾಗ ಡಾಕ್ಟರು ಆ ಜಾಗಕ್ಕೆ ಒಂದು ತಂತಿಯ ಉಂಗುರ ಕೂರಿಸುವುದು ಇದೇ ಕಾರಣಕ್ಕೆ. ಹಾಲುಹಲ್ಲಿನ ಬೇರಿನಲ್ಲಿ ಕೀವಾದರೆ ಕೆಳಗಿರುವ ಶಾಶ್ವತ ಹಲ್ಲಿನ ಮೊಳಕೆಗೂ ಪೆಟ್ಟು ಬೀಳಬಹುದು.

ಇಲ್ಲೇ ಬಹಳ ಮನೆಗಳಲ್ಲಿ ಒಂದು ಎಡವಟ್ಟಾಗುತ್ತದೆ. ಆರನೇ ವರ್ಷಕ್ಕೆ ಹಾಲುಹಲ್ಲುಗಳ ಸಾಲಿನ ಹಿಂದೆ ಒಂದು ಹೊಸ ದವಡೆ ಹಲ್ಲು ಸದ್ದಿಲ್ಲದೆ ಬರುತ್ತದೆ. ಅದಕ್ಕಾಗಿ ಯಾವ ಹಲ್ಲೂ ಬಿದ್ದಿರುವುದಿಲ್ಲ. ಹಾಗಾಗಿ ಅದೂ ಹಾಲುಹಲ್ಲೇ ಅಂತ ಮನೆಯವರು ತಿಳಿಯುತ್ತಾರೆ. ಅಲ್ಲ, ಅದು ಶಾಶ್ವತ ಹಲ್ಲು. ಹೋದರೆ ಮತ್ತೆ ಬರುವುದಿಲ್ಲ.

## ಹುಳುಕು ಶುರುವಾಗುವುದು ಹೇಗೆ?

ಹಲ್ಲಿನೊಳಗೆ ಹುಳ ಇರುವುದಿಲ್ಲ. ಇರುವುದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ. ನಾವು ತಿಂದ ಸಕ್ಕರೆಯನ್ನು ಅವೂ ತಿಂದು ಆಮ್ಲ ಬಿಡುತ್ತವೆ. ಆ ಆಮ್ಲ ಹಲ್ಲಿನ ಹೊರಗಿನ ಗಟ್ಟಿ ಪದರದಿಂದ ಖನಿಜವನ್ನು ಕರಗಿಸುತ್ತದೆ. ಈ ಪದರಕ್ಕೆ ಎನಾಮಲ್ ಎನ್ನುತ್ತಾರೆ. ಆಮೇಲೆ ಜೊಲ್ಲು ಬಂದು ಆಮ್ಲವನ್ನು ತಿಳಿಯಾಗಿಸಿ ಖನಿಜವನ್ನು ಮತ್ತೆ ಒಂದಿಷ್ಟು ತುಂಬುತ್ತದೆ. ಅದಕ್ಕೆ ಅರ್ಧ ತಾಸೋ ಒಂದು ತಾಸೋ ಬೇಕು. ಕರಗುವುದು, ತುಂಬುವುದು, ದಿನವಿಡೀ ಇದೇ ನಡೆದಿರುತ್ತದೆ. ಕರಗುವುದು ಮೇಲುಗೈಯಾದರೆ ಹುಳುಕು.

ಹಾಗಾಗಿ ಎಷ್ಟು ಸಿಹಿ ತಿಂದಿತು ಅನ್ನುವಷ್ಟೇ ಮುಖ್ಯ, ಎಷ್ಟು ಸಲ ತಿಂದಿತು ಅನ್ನುವುದು. ಊಟದ ಜೊತೆ ಒಂದು ಧಾರವಾಡ ಪೇಡೆ ತಿಂದರೆ ಆಮ್ಲದ ದಾಳಿ ಒಂದು ಸಲ. ಬೆಳಿಗ್ಗೆ ಚಹಾದಲ್ಲಿ ಅದ್ದಿದ ಬಿಸ್ಕೀಟು, ಹನ್ನೊಂದಕ್ಕೆ ಎರಡು, ಶಾಲೆಯಿಂದ ಬಂದಮೇಲೆ ಎರಡು, ಸುಮ್ನಿರಲಿ ಅಂತ ನಡುವೆ ಒಂದು ಚಾಕೊಲೇಟು, ಹೀಗಾದರೆ ಜೊಲ್ಲಿಗೆ ರಿಪೇರಿ ಮಾಡಲು ಪುರುಸೊತ್ತೇ ಇಲ್ಲ. ಬೆಲ್ಲ, ಜೇನುತುಪ್ಪಕ್ಕೂ ವಿನಾಯಿತಿಯಿಲ್ಲ. ಬ್ಯಾಕ್ಟೀರಿಯಾಕ್ಕೆ ಎಲ್ಲವೂ ಸಕ್ಕರೆಯೇ.

ಹಾಲುಹಲ್ಲಿನ ಎನಾಮಲ್ ಶಾಶ್ವತ ಹಲ್ಲಿಗಿಂತ ಸುಮಾರು ಅರ್ಧದಷ್ಟು ತೆಳು. ಅದಕ್ಕೇ ಮಕ್ಕಳಲ್ಲಿ ಹುಳುಕು ಬಲು ಬೇಗ ಒಳಗಿಳಿಯುತ್ತದೆ. ಮಗುವಿನ ಮೇಲ್ತುಟಿ ಎತ್ತಿ ನೋಡಿ. ವಸಡಿನ ಅಂಚಿನಲ್ಲಿ ಸುಣ್ಣ ಬಳಿದಂತೆ ಬಿಳಿ ಗೆರೆ ಕಂಡರೆ ಅದೇ ಮೊದಲ ಗುರುತು. ಈ ಹಂತದಲ್ಲಿ ಇನ್ನೂ ಕುಳಿ ಬಿದ್ದಿರುವುದಿಲ್ಲ, ಇದನ್ನು ವಾಪಸ್ ತಿರುಗಿಸಬಹುದು. ಸಿಹಿ ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡು ಮಲಗುವ ಮಕ್ಕಳಲ್ಲಿ ಮೇಲಿನ ಮುಂದಿನ ನಾಲ್ಕು ಹಲ್ಲು ಮೊದಲು ಹಾಳಾಗುತ್ತವೆ. ಕೆಳಗಿನವು ನಾಲಿಗೆ ಮತ್ತು ಜೊಲ್ಲಿನ ಆಸರೆಯಲ್ಲಿ ಉಳಿಯುತ್ತವೆ. ನಿದ್ದೆಯಲ್ಲಿ ಜೊಲ್ಲು ಕಡಿಮೆ ಸುರಿಯುವುದರಿಂದ ರಾತ್ರಿಯ ಬಾಟಲಿ ಹಗಲಿನದಕ್ಕಿಂತ ಕೆಟ್ಟದ್ದು.

## ಬ್ಯಾಂಕಾಕ್‌ನಲ್ಲಿ ಆದ ಮಾತು

ಆರು ವರ್ಷದೊಳಗಿನ ಮಗುವಿನ ಯಾವುದೇ ಹಾಲುಹಲ್ಲು ಹುಳುಕಾಗಿದ್ದರೆ, ಅದರಿಂದ ಕಿತ್ತಿದ್ದರೆ ಅಥವಾ ತುಂಬಿಸಿದ್ದರೆ ಅದನ್ನು ‘ಎಳವೆಯ ಹುಳುಕು’ ಅಂತ ಲೆಕ್ಕ ಹಾಕುತ್ತಾರೆ. 2018ರ ನವೆಂಬರಿನಲ್ಲಿ ಐಎಪಿಡಿ 11 ತಜ್ಞರನ್ನು ಬ್ಯಾಂಕಾಕ್‌ನಲ್ಲಿ ಸೇರಿಸಿದ್ದು ಈ ಒಂದೇ ವಿಷಯಕ್ಕೆ. ಅಲ್ಲಿಂದ ಹೊರಬಂದದ್ದು ಬ್ಯಾಂಕಾಕ್ ಘೋಷಣೆ. ನಾಡಿನ ಯಾವ ಮನೆಯಲ್ಲೂ ಪಾಲಿಸಬಹುದಾದಷ್ಟು ಸರಳ ಮಾತುಗಳಿವೆ ಅದರಲ್ಲಿ.

ಎರಡು ವರ್ಷದೊಳಗಿನ ಮಗುವಿಗೆ ಸಕ್ಕರೆ ಹಾಕಿದ ತಿಂಡಿ, ಪಾನೀಯ ಬೇಡವೇ ಬೇಡ. ದೊಡ್ಡ ಮಕ್ಕಳಿಗೂ ಮಿತಿ ಇರಲಿ. ಹಲ್ಲನ್ನು ಗಟ್ಟಿ ಮಾಡುವ ಫ್ಲೋರೈಡ್ ಎಂಬ ಖನಿಜ ಕನಿಷ್ಠ 1000 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಸಾವಿರ ಪಾಲು) ಇರುವ ಪೇಸ್ಟಿನಿಂದ ದಿನಕ್ಕೆ ಎರಡು ಸಲ ಹಲ್ಲುಜ್ಜಬೇಕು, ವಯಸ್ಸಿಗೆ ತಕ್ಕಷ್ಟೇ ಪೇಸ್ಟ್ ಹಾಕಬೇಕು. ಮೊದಲ ಹುಟ್ಟುಹಬ್ಬದೊಳಗೇ ಡಾಕ್ಟರಿಂದಲೋ ಆರೋಗ್ಯ ಕಾರ್ಯಕರ್ತೆಯಿಂದಲೋ ಹಲ್ಲಿನ ಬಗ್ಗೆ ತಿಳಿವಳಿಕೆ ಸಿಗಬೇಕು. ನೋವು ಬಂದಮೇಲೆ ಅಲ್ಲ.

‘ವಯಸ್ಸಿಗೆ ತಕ್ಕಷ್ಟು’ ಅಂದರೆ ಎಷ್ಟು? ಮೂರು ವರ್ಷದೊಳಗೆ ಒಂದು ಅಕ್ಕಿಕಾಳಿನಷ್ಟು. ಮೂರರಿಂದ ಆರರವರೆಗೆ ಬಟಾಣಿಯಷ್ಟು. ಜಾಹೀರಾತಿನಲ್ಲಿ ಬ್ರಷ್ ತುಂಬ ಅಲೆಅಲೆಯಾಗಿ ಹಾಕುತ್ತಾರಲ್ಲ, ಅದನ್ನು ಮರೆತುಬಿಡಿ. ಉಜ್ಜಿದ ಮೇಲೆ ಉಗುಳಿದರೆ ಸಾಕು. ಜಾಸ್ತಿ ನೀರು ಹಾಕಿ ಮುಕ್ಕಳಿಸಿದರೆ ಫ್ಲೋರೈಡ್ ಎಲ್ಲ ತೊಳೆದುಹೋಗುತ್ತದೆ. ಏಳೆಂಟು ವರ್ಷದವರೆಗೆ ದೊಡ್ಡವರೇ ಕೈ ಹಿಡಿದು ಉಜ್ಜಿಸಬೇಕು, ಅಷ್ಟು ಸಣ್ಣ ಕೈಗೆ ಹಿಂದಿನ ಹಲ್ಲು ಸಿಗುವುದಿಲ್ಲ.

ಇಷ್ಟು ಸಾದಾ ಮಾತಿಗೆ ಜಾಗತಿಕ ಘೋಷಣೆ ಯಾಕೆ ಬೇಕಿತ್ತು? ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಅಂದಾಜು ನೋಡಿ: ಜಗತ್ತಿನಲ್ಲಿ ಹಾಲುಹಲ್ಲು ಹುಳುಕಾದ ಮಕ್ಕಳು 51 ಕೋಟಿಗೂ ಮಿಕ್ಕಿ. ದೇಶದೇಶಕ್ಕೂ ಬೇರೆ ಬೇರೆ ಸಲಹೆ ಇತ್ತು. ಒಬ್ಬ ಡಾಕ್ಟರು ಮಕ್ಕಳಿಗೆ ಫ್ಲೋರೈಡ್ ಬೇಡ ಅಂದರೆ ಇನ್ನೊಬ್ಬರು ಬೇಕು ಅನ್ನುತ್ತಿದ್ದರು. ತಾಯಂದಿರು ಯಾರ ಮಾತು ಕೇಳಬೇಕು?

## ಹಾಗಾದರೆ ಮುಂಡರಗಿಯವರು ಏನು ಮಾಡಬೇಕು?

ಗದಗ ಜಿಲ್ಲೆಯವರು ಇದನ್ನು ಕೇಳಿಯೇ ಕೇಳುತ್ತಾರೆ, ಕೇಳಲೂಬೇಕು. ಮುಂಡರಗಿ ಭಾಗದ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ ಅನ್ನುವುದು ಹಳೆಯ ಸಂಗತಿ. ಹಳ್ಳಿಗಳಲ್ಲಿ ಹಲ್ಲಿನ ಮೇಲೆ ಕಂದು ಪಟ್ಟಿ ಇರುವವರು ಸಿಗುತ್ತಾರೆ. ನೀರಲ್ಲಿ ಬೇಡವಾದದ್ದು ಪೇಸ್ಟಿನಲ್ಲಿ ಬೇಕು ಅಂದರೆ ಹೇಗೆ?

ಫ್ಲೋರೈಡ್ ಹಲ್ಲಿಗೆ ಒಳ್ಳೆಯದು ಅಂತ ಗೊತ್ತಾಗಿದ್ದೇ ಇಂಥ ಕಂದು ಹಲ್ಲಿನಿಂದ. ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಊರಿಗೆ 1901ರಲ್ಲಿ ಬಂದ ಫ್ರೆಡ್ರಿಕ್ ಮೆಕೇ ಎಂಬ ದಂತ ವೈದ್ಯ ಅಲ್ಲಿನವರ ಹಲ್ಲಿನ ಕಂದು ಕಲೆ ನೋಡಿ ಬೆರಗಾದ. ಕಲೆ ಇದ್ದ ಹಲ್ಲಿಗೆ ಹುಳುಕು ಕಡಿಮೆ ಅನ್ನುವುದನ್ನೂ ಗಮನಿಸಿದ. ನೀರಿನ ಫ್ಲೋರೈಡೇ ಕಾರಣ ಅಂತ ಖಚಿತವಾಗಿದ್ದು ಮೂವತ್ತು ವರ್ಷ ಕಳೆದು, 1931ರಲ್ಲಿ. ಸ್ವಲ್ಪವಿದ್ದರೆ ರಕ್ಷಣೆ, ಹೆಚ್ಚಾದರೆ ಕಲೆ, ಇನ್ನೂ ಹೆಚ್ಚಾಗಿ ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಮೂಳೆಗೇ ತೊಂದರೆ. ನಮ್ಮ ದೇಶದ ಮಾನದಂಡದಲ್ಲಿ ಕುಡಿಯುವ ನೀರಿಗೆ ಲೀಟರಿಗೆ 1 ಮಿಲಿಗ್ರಾಂ ಒಪ್ಪಿತ ಮಿತಿ. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ.

ಕಲೆ ಬೀಳುವುದು ಹಲ್ಲು ಬಾಯಿಗೆ ಬಂದಮೇಲೆ ಅಲ್ಲ, ದವಡೆಯೊಳಗೆ ತಯಾರಾಗುತ್ತಿರುವಾಗ. ಅಂದರೆ ಸುಮಾರು ಎಂಟು ವರ್ಷದೊಳಗೆ, ಹೊಟ್ಟೆಗೆ ಹೋದ ಫ್ಲೋರೈಡಿನಿಂದ. ಪೇಸ್ಟಿನ ಕೆಲಸವೇ ಬೇರೆ. ಅದು ಬಾಯಲ್ಲಿರುವ ಹಲ್ಲಿನ ಮೇಲ್ಮೈಗೆ ತಾಕಿ ಅದನ್ನು ಗಟ್ಟಿ ಮಾಡುತ್ತದೆ. ಆಮೇಲೆ ಉಗುಳುತ್ತೇವೆ.

ಲೆಕ್ಕ ಹಾಕಿಯೇ ನೋಡೋಣ. 1000 ಪಿಪಿಎಂ ಅಂದರೆ ಒಂದು ಗ್ರಾಂ ಪೇಸ್ಟಿನಲ್ಲಿ 1 ಮಿಲಿಗ್ರಾಂ ಫ್ಲೋರೈಡ್. ಅಕ್ಕಿಕಾಳಿನಷ್ಟು ಪೇಸ್ಟ್ ತೂಗಿದರೆ ಸುಮಾರು 0.1 ಗ್ರಾಂ. ಮಗು ಅಷ್ಟನ್ನೂ ನುಂಗಿದರೂ ಒಂದು ಸಲಕ್ಕೆ 0.1, ಎರಡು ಸಲಕ್ಕೆ 0.2 ಮಿಲಿಗ್ರಾಂ. ಅದೇ ಮಗು ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್ ಇರುವ ನೀರು ದಿನಕ್ಕೆ ಒಂದು ಲೀಟರ್ ಕುಡಿದರೆ ಒಳಗೆ ಹೋಗುವುದು 3 ಮಿಲಿಗ್ರಾಂ, ಅಂದರೆ ಹದಿನೈದು ಪಟ್ಟು. ಮೊದಲು ಸರಿಪಡಿಸಬೇಕಾದ್ದು ಯಾವುದು ಅಂತ ಈ ಲೆಕ್ಕವೇ ಹೇಳುತ್ತದೆ, ಅಲ್ವಾ?

ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ, ಉಳಿದ ನೀರಿನಲ್ಲಿ ಅದರ ಸಾಂದ್ರತೆ ಇನ್ನಷ್ಟು ಹೆಚ್ಚುತ್ತದೆ, ಅಷ್ಟೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಆರ್‌ಒ ಯಂತ್ರವಿದ್ದರೆ, ಅದನ್ನು ಸರಿಯಾಗಿ ನೋಡಿಕೊಳ್ಳುತ್ತಿದ್ದರೆ, ಅದು ಫ್ಲೋರೈಡ್ ತೆಗೆಯುತ್ತದೆ. ಹೊಳೆ ನೀರು ಬರುವಲ್ಲಿ ಕುಡಿಯಲು, ಅಡುಗೆಗೆ ಅದನ್ನೇ ಬಳಸುವುದು ಮೇಲು. ಕೊಳವೆಬಾವಿ ನೀರೇ ಗತಿ ಅನ್ನುವವರು ನೀರನ್ನು ಪರೀಕ್ಷೆ ಮಾಡಿಸಿ, ಆ ಅಂಕಿಯನ್ನು ಡಾಕ್ಟರಿಗೆ ತೋರಿಸಿಯೇ ಮಗುವಿಗೆ ಯಾವ ಪೇಸ್ಟ್ ಅಂತ ಕೇಳಬೇಕು. ಪೇಸ್ಟಿನ ಡಬ್ಬಿಯ ಮೇಲೂ ಪಿಪಿಎಂ ಎಷ್ಟು ಅಂತ ಬರೆದಿರುತ್ತದೆ. ಕಾರ್ಟೂನ್ ಚಿತ್ರ ಇರುವ ಮಕ್ಕಳ ಪೇಸ್ಟುಗಳಲ್ಲಿ ಕೆಲವಕ್ಕೆ ತೀರಾ ಕಡಿಮೆ, ಕೆಲವಕ್ಕೆ ಇಲ್ಲವೇ ಇಲ್ಲ.

## ಡ್ರಿಲ್ ಸದ್ದು ಕಡಿಮೆಯಾಗುತ್ತಿದೆ

ಈಚಿನ ವರ್ಷಗಳಲ್ಲಿ ಈ ತಜ್ಞರ ನಡುವೆ ಹೆಚ್ಚು ಚರ್ಚೆಯಾದ ಎರಡು ಚಿಕಿತ್ಸೆಗಳಲ್ಲೂ ಕೊರೆಯುವ ಕೆಲಸವಿಲ್ಲ.

ಒಂದು ಸಿಲ್ವರ್ ಡೈಅಮೈನ್ ಫ್ಲೋರೈಡ್. ನೀರಿನಂಥ ಔಷಧಿ. ಪುಟ್ಟ ಬ್ರಷ್‌ನಿಂದ ಕುಳಿಗೆ ಒಂದು ಹನಿ ಹಚ್ಚುತ್ತಾರೆ. ಬೆಳ್ಳಿ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಫ್ಲೋರೈಡ್ ಹಲ್ಲನ್ನು ಗಟ್ಟಿ ಮಾಡುತ್ತದೆ, ಹುಳುಕು ಮುಂದುವರಿಯದೆ ಅಲ್ಲೇ ನಿಲ್ಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಒಂದು ತೊಡಕಿದೆ: ಹುಳುಕಾದ ಜಾಗ ಕಡುಕಪ್ಪಾಗುತ್ತದೆ, ಹಾಗೇ ಉಳಿಯುತ್ತದೆ. ಹಿಂದಿನ ಹಲ್ಲಾದರೆ ಯಾರಿಗೂ ಕಾಣುವುದಿಲ್ಲ. ಮುಂದಿನ ಹಲ್ಲಾದರೆ ಮನೆಯವರು ಯೋಚಿಸಬೇಕು. ಡಾಕ್ಟರು ಫೋಟೊ ತೋರಿಸಿ ಮೊದಲೇ ಕೇಳಬೇಕಾದ ಪ್ರಶ್ನೆ ಇದು.

ಇನ್ನೊಂದು ಹಾಲ್ ವಿಧಾನ. ಸ್ಕಾಟ್ಲೆಂಡಿನ ನೋರ್ನಾ ಹಾಲ್ ಎಂಬ ದಂತ ವೈದ್ಯೆಯ ಹೆಸರು ಅದಕ್ಕೆ. ಇಂಜೆಕ್ಷನ್ ಇಲ್ಲ, ಕೊರೆಯುವುದಿಲ್ಲ. ಹುಳುಕಾದ ದವಡೆ ಹಾಲುಹಲ್ಲಿನ ಮೇಲೆ ಸಿಮೆಂಟ್ ತುಂಬಿದ ಸ್ಟೀಲ್ ಟೊಪ್ಪಿಗೆ ಕೂರಿಸಿ ಒತ್ತುತ್ತಾರೆ. ಒಳಗೆ ಉಳಿದ ಬ್ಯಾಕ್ಟೀರಿಯಾಕ್ಕೆ ಸಕ್ಕರೆ ಸಿಗದೆ ಅವು ತಣ್ಣಗಾಗುತ್ತವೆ. ಹಲ್ಲು ಬೀಳುವಾಗ ಟೊಪ್ಪಿಗೆಯೂ ಜೊತೆಗೇ ಬೀಳುತ್ತದೆ. ಇದು ಎಲ್ಲ ಹಲ್ಲಿಗೂ ಆಗುವುದಿಲ್ಲ. ಹುಳುಕು ನರದವರೆಗೆ ಹೋಗಿದ್ದರೆ, ಕೀವು ಕಟ್ಟಿದ್ದರೆ ಬೇರೆ ದಾರಿಯೇ ಬೇಕು.

ಹೆದರುವ ಮಗುವನ್ನು ಒಲಿಸಿಕೊಳ್ಳುವುದೂ ಈ ವಿದ್ಯೆಯ ಭಾಗವೇ. ‘ಹೇಳು, ತೋರಿಸು, ಮಾಡು’ ಎಂಬ ಕ್ರಮ 1959ರಿಂದ ಬಳಕೆಯಲ್ಲಿದೆ. ‘ನೋಡು ತಮ್ಮಾ, ಇದು ನೀರಿನ ಪಿಚಕಾರಿ’ ಅಂತ ಮೊದಲು ಹೇಳುತ್ತಾರೆ. ಮಗುವಿನ ಅಂಗೈ ಮೇಲೆ ಎರಡು ಹನಿ ಬಿಟ್ಟು ತೋರಿಸುತ್ತಾರೆ. ಆಮೇಲೇ ಬಾಯಿಗೆ. ಮನೆಯಲ್ಲಿ ‘ಗಲಾಟೆ ಮಾಡಿದರೆ ಡಾಕ್ಟರ ಹತ್ರ ಇಂಜೆಕ್ಷನ್ ಹಾಕಿಸ್ತೀನಿ’ ಅಂತ ಹೆದರಿಸಿಟ್ಟಿದ್ದರೆ ಈ ಶ್ರಮವೆಲ್ಲ ನೀರಿನಲ್ಲಿ ಹೋಮ.

## ಎಲ್ಲ ಕಲೆಯೂ ಹುಳುಕಲ್ಲ

ಆರನೇ ವರ್ಷಕ್ಕೆ ಬಂದ ಹೊಸ ದವಡೆ ಹಲ್ಲು ಬರುವಾಗಲೇ ಹಳದಿ, ಕಂದು ಮಚ್ಚೆ ಹೊತ್ತು ಬರುವುದುಂಟು. ಮುಂದಿನ ಹಲ್ಲಿನಲ್ಲೂ ಕಾಣಬಹುದು. ಇದಕ್ಕೆ ಎಂಐಎಚ್ (ಮೋಲಾರ್ ಇನ್ಸೈಸರ್ ಹೈಪೊಮಿನರಲೈಸೇಶನ್, ಅಂದರೆ ದವಡೆ ಮತ್ತು ಮುಂದಿನ ಹಲ್ಲಿನ ಖನಿಜ ಕೊರತೆ) ಅಂತ 2001ರಲ್ಲಿ ಹೆಸರಿಟ್ಟಿದ್ದಾರೆ. ಎನಾಮಲ್ ತಯಾರಾಗುವಾಗಲೇ ಖನಿಜ ಕಡಿಮೆಯಾಗಿ ಹಲ್ಲು ಮೆತ್ತಗೆ ಉಳಿದಿರುತ್ತದೆ. ತಣ್ಣೀರು ತಾಕಿದರೂ ಜುಂ ಅನ್ನುತ್ತದೆ, ಅಗಿಯುವಾಗ ಚೂರು ಚೂರಾಗಿ ಉದುರುತ್ತದೆ. ಇಂಥದ್ದೇ ಒಂದು ಕಾರಣ ಅಂತ ವಿಜ್ಞಾನಿಗಳಿಗೆ ಇನ್ನೂ ಸಿಕ್ಕಿಲ್ಲ. ಎಳವೆಯ ಕಾಯಿಲೆಗಳ ಮೇಲೆ ಅನುಮಾನವಿದೆ. ಫ್ಲೋರೈಡಿನ ಕಲೆ ಸಾಮಾನ್ಯವಾಗಿ ಎಡಬಲ ಒಂದೇ ರೀತಿ, ಹಲವು ಹಲ್ಲುಗಳಲ್ಲಿ ಕಾಣುತ್ತದೆ. ಎಂಐಎಚ್ ಒಂದು ಹಲ್ಲಿನಲ್ಲಿದ್ದು ಪಕ್ಕದ್ದರಲ್ಲಿ ಇಲ್ಲದೆಯೂ ಇರಬಹುದು. ಗದಗ ಭಾಗದಲ್ಲಿ ಎಲ್ಲವನ್ನೂ ‘ನೀರಿನ ಕಲೆ’ ಅಂತ ಬಿಟ್ಟುಬಿಡುವ ಅಪಾಯ ಇರುವುದರಿಂದ ಒಮ್ಮೆ ತೋರಿಸುವುದು ಒಳ್ಳೆಯದು.

## ಸೋಮವಾರದವರೆಗೆ ಕಾಯಲಾಗದ್ದು

ಆಡುವಾಗ ಬಿದ್ದು ಹಲ್ಲು ಪೂರಾ ಕಿತ್ತುಬಂದರೆ ಮೊದಲು ಅದು ಹಾಲುಹಲ್ಲೋ ಶಾಶ್ವತವೋ ನೋಡಿ. ಹಾಲುಹಲ್ಲನ್ನು ಮತ್ತೆ ಕೂರಿಸುವುದಿಲ್ಲ, ಕೆಳಗಿನ ಮೊಳಕೆಗೆ ಪೆಟ್ಟಾಗುತ್ತದೆ. ಶಾಶ್ವತ ಹಲ್ಲಾದರೆ ಬೇರನ್ನು ಮುಟ್ಟದೆ ಬಿಳಿ ಭಾಗವನ್ನೇ ಹಿಡಿದೆತ್ತಿ. ಮಣ್ಣಾಗಿದ್ದರೆ ತಣ್ಣೀರಿನ ಕೆಳಗೆ ಒಂದು ಕ್ಷಣ ಹಿಡಿಯಿರಿ, ಉಜ್ಜಬೇಡಿ. ಸಾಧ್ಯವಾದರೆ ಅದೇ ಗುಳಿಯಲ್ಲಿ ಕೂರಿಸಿ ಬಟ್ಟೆ ಕಚ್ಚಿಸಿ. ಆಗದಿದ್ದರೆ ತಣ್ಣನೆಯ ಹಾಲಿನಲ್ಲಿ ಹಾಕಿಕೊಂಡು ದವಾಖಾನೆಗೆ ಓಡಿ. ಕಾಗದದಲ್ಲಿ ಸುತ್ತಿ ಒಣಗಿಸಿ ತಂದರೆ ಉಳಿಯುವ ಸಾಧ್ಯತೆ ತೀರಾ ಕಡಿಮೆ. ಒಂದು ತಾಸಿನೊಳಗೆ ತಲುಪಬೇಕು, ಅರ್ಧ ತಾಸಾದರೆ ಇನ್ನೂ ಒಳ್ಳೆಯದು.

ಖಾಸಗಿ ದವಾಖಾನೆಗೆ ಹೋಗುವುದು ಕಷ್ಟ ಅನ್ನುವವರಿಗೆ ಇನ್ನೊಂದು ದಾರಿಯಿದೆ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆ ಮಕ್ಕಳನ್ನು ಒಂದು ಸಲ ತಪಾಸಣೆ ಮಾಡಬೇಕು. ಹಲ್ಲಿನ ಹುಳುಕು ಆ ತಪಾಸಣೆಯ ಪಟ್ಟಿಯಲ್ಲೇ ಇದೆ. ತಂಡ ಯಾವತ್ತು ಬರುತ್ತದೆ ಅಂತ ಅಂಗನವಾಡಿ ಅಕ್ಕನನ್ನೋ ಶಾಲೆಯ ಟೀಚರನ್ನೋ ಕೇಳಿಟ್ಟುಕೊಂಡು ಆ ದಿನ ಮಗುವನ್ನು ತಪ್ಪದೆ ಕಳಿಸಿ. ತುಟಿ ಎತ್ತಿ ನೋಡಿದಾಗ ನಿಮಗೆ ಬಿಳಿ ಗೆರೆ ಕಂಡಿದ್ದರೆ, ಅದನ್ನೂ ಅವರಿಗೆ ಹೇಳಿ.